ಪುಡಿಯಾದ ಮಂಡಿಗೆ

ಕ್ರೋಸಾಂಟ್ ಅನ್ನುವ ಪದರ ಪದರದ ಫ್ರೆಂಚ್ ಬ್ರೆಡ್ಡು ಒಂಬತ್ತನೇ ಸಲವೂ ಕೆಟ್ಟ ದಿನ ಸಂಜೆ ನಮ್ಮವರು ಆಫೀಸಿಗೆ ಐದು ದಿನ ರಜೆ ಹಾಕಿಬಿಟ್ಟರು. ನನ್ನ ಮೇಲಿನ ಕನಿಕರದಿಂದಲ್ಲ. ಬೆಣ್ಣೆ ಸೋರಿ ತಳ ಕರಿದಂತಾದ ಬ್ರೆಡ್ಡನ್ನು ಇನ್ನೊಂದು ವಾರ ತಿಂಡಿಗೆ ತಿನ್ನುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ.

ಕೇಕು, ಬನ್ನು, ಬಿಸ್ಕತ್ತು ನನಗೆ ಕೈಹತ್ತಿವೆ. 28 ಲೀಟರಿನ ಪುಟ್ಟ ಓಟಿಜಿಯಲ್ಲೇ (ಮೇಜಿನ ಮೇಲಿಡುವ ಕರೆಂಟಿನ ಓವನ್ನು) ನೆಂಟರಿಷ್ಟರ ಹುಟ್ಟುಹಬ್ಬಗಳನ್ನೆಲ್ಲ ಸುಧಾರಿಸಿದ್ದೇನೆ. ಈ ಕ್ರೋಸಾಂಟ್ ಒಂದು ಮಾತ್ರ ಜಗ್ಗುತ್ತಿಲ್ಲ. ಹೇಳಲು ಸುಲಭ: ಹಿಟ್ಟಿನ ಹಾಳೆಯೊಳಗೆ ಬೆಣ್ಣೆಯ ಹಾಳೆ ಇಟ್ಟು ಲಟ್ಟಿಸಿ, ಪತ್ರ ಮಡಿಸಿದ ಹಾಗೆ ಮೂರಾಗಿ ಮಡಿಸಿ ಫ್ರಿಜ್ಜಿಗಿಡಬೇಕು. ಮತ್ತೆ ಲಟ್ಟಿಸಿ ಮೂರಾಗಿ ಮಡಿಸಬೇಕು. ಹೀಗೆ ಮೂರು ಸಲ ಮಾಡಿದರೆ ಒಳಗೆ 27 ಪದರ ಬೆಣ್ಣೆ. ಓವನ್ನಿನ ಕಾವಿಗೆ ಬೆಣ್ಣೆಯಲ್ಲಿರುವ ನೀರು ಆವಿಯಾಗಿ ಒಂದೊಂದು ಪದರವನ್ನೂ ಎತ್ತಬೇಕು. ಆದರೆ ಬೆಣ್ಣೆ ತೀರ ತಣ್ಣಗಿದ್ದರೆ ಒಳಗೇ ಒಡೆದು ಚೂರಾಗುತ್ತದೆ, ಸ್ವಲ್ಪ ಬಿಸಿಯಾದರೆ ಹಿಟ್ಟಿನಲ್ಲಿ ಬೆರೆತು ಹೋಗುತ್ತದೆ. 14-15 ಡಿಗ್ರಿಯಲ್ಲಿ ಇರಲಿ ಅಂತಾರೆ. ನಾನು ಥರ್ಮಾಮೀಟರು ಚುಚ್ಚಿ ಚುಚ್ಚಿ ಬೆಣ್ಣೆಯನ್ನು ಜರಡಿ ಮಾಡಿದ್ದೆ.

ಅಮ್ಮ ನೋಡಿ ನೋಡಿ ಅಂದಳು, "ನಿಮ್ಮಜ್ಜಿ ಮೊರದ ತುಂಬ ಚಿರೋಟಿ ಕರೀತಿದ್ಲು. ಎಳೆ ಎಳೆ ಬಿಡಿಸ್ಕೊಂಡು ತಿನ್ನಬಹುದಿತ್ತು. ಮನೇಲಿ ಫ್ರಿಜ್ಜೇ ಇರ್ಲಿಲ್ಲ."

ಆ ಮಾತು ತಲೆಯಲ್ಲಿ ಕೂತಿತು. ಪದರದ ತಿಂಡಿ ನಮಗೇನು ಹೊಸದೇ? ಬೆಳಗಾವಿಯ ಮಂಡಿಗೆ ಇದೆ, ಗೋವಾದ ಬೆಬಿಂಕಾ ಇದೆ. ಎರಡನ್ನೂ ಮಾಡುವವರ ಪಕ್ಕ ನಿಂತು ನೋಡೋಣ ಅಂತ ಸೆಪ್ಟೆಂಬರ್ ಕೊನೆಯ ವಾರ ಕಾರು ಹತ್ತಿದೆವು. ‘ಮನಸಿನಲ್ಲೇ ಮಂಡಿಗೆ ತಿನ್ನೋದು ಬಿಟ್ಟು ನಿಜವಾದ್ದನ್ನ ತಿಂದು ಬನ್ನಿ’ ಅಂತ ಅಮ್ಮನ ಆಶೀರ್ವಾದ.

ಮೊದಲ ದಿನ: ಬೆಂಗಳೂರು, ದಾವಣಗೆರೆ, ಧಾರವಾಡ

ಬೆಳಗ್ಗೆ ಐದಕ್ಕೆ ಬಿಟ್ಟಿದ್ದರಿಂದ ತುಮಕೂರು ದಾಟುವವರೆಗೂ ಲಾರಿಗಳ ಕಾಟವಿರಲಿಲ್ಲ. ಹಿರಿಯೂರಿನ ಹೊತ್ತಿಗೆ ಬಿಸಿಲೇರಿತ್ತು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸೋಮಾರಿಯಾಗಿ ತಿರುಗುತ್ತಿದ್ದವು. ಹೊಟ್ಟೆಗೆ ಏನೂ ಹಾಕಿರಲಿಲ್ಲ. ದಾವಣಗೆರೆಗೆ ಹೋಗುವವರು ದಾರಿಯಲ್ಲಿ ಇಡ್ಲಿ ತಿಂದರೆ ಅದು ತಪ್ಪು ಅನ್ನುವುದು ನಮ್ಮವರ ಸಿದ್ಧಾಂತ.

ಹೆದ್ದಾರಿಯ ಬದಿಯ ಬೋರ್ಡುಗಳನ್ನು ನಂಬದೆ ಊರೊಳಗೆ ಹೋಗಿ. ನಾಲ್ಕು ಬೆಂಚಿನ, ಗೋಡೆ ಕಪ್ಪಗಾದ, ಸೌದೆ ಒಲೆಯ ಹೋಟೆಲು ಸಿಕ್ಕರೆ ಅಲ್ಲಿ ಕೂರಿ. ನಾವು ಕೂತ ಜಾಗದಿಂದ ಕಾವಲಿ ಕಾಣುತ್ತಿತ್ತು. ಆತ ಹಿಟ್ಟು ಹೊಯ್ದು, ಅದು ಜೇನುಗೂಡಿನಂತೆ ತೂತು ಬಿಡುವವರೆಗೆ ಸುಮ್ಮನಿದ್ದು, ಆಮೇಲೆ ಬಿಳಿ ಬೆಣ್ಣೆಯನ್ನು ಬೆರಳಲ್ಲಿ ಎತ್ತಿ ಸವರುತ್ತಿದ್ದ. ಬೆಣ್ಣೆ ನೀರಿನ ಪಾತ್ರೆಯಲ್ಲಿ ತೇಲುತ್ತಿತ್ತು. ನನ್ನ ಕಣ್ಣು ಅಲ್ಲೇ. ಒಲೆಯಿಂದ ಎರಡು ಮಾರು ದೂರ, ಮೈಯೆಲ್ಲ ಬೆವರುವ ಸೆಕೆ, ಆದರೂ ಬೆಣ್ಣೆ ಮುದ್ದೆಯಾಗಿಯೇ ಇತ್ತು.

"ಕರಗಲ್ವಾ ಅಣ್ಣಾ?" ಅಂದೆ.

"ನೀರು ಬದಲಾಯಿಸ್ತಾ ಇರ್ತೀವಲ್ಲಕ್ಕಾ," ಅಂದವನು, ಇದೂ ಒಂದು ಪ್ರಶ್ನೆಯಾ ಅನ್ನುವ ಹಾಗೆ ಮುಂದಿನ ದೋಸೆ ಹೊಯ್ದ. ಎರಡೆರಡು ದೋಸೆ, ಆಲೂಗಡ್ಡೆ ಪಲ್ಯ, ಬಿಳಿ ಚಟ್ನಿ. ಕೈ ತೊಳೆದ ಮೇಲೂ ಸ್ಟೀರಿಂಗ್ ಜಾರುತ್ತಿತ್ತು.

ರಾಣೆಬೆನ್ನೂರಿನ ಹತ್ತಿರ ಮಳೆ ಹಿಡಿಯಿತು. ಹಾವೇರಿ, ಹುಬ್ಬಳ್ಳಿ ಎಲ್ಲ ವೈಪರ್ ನಡುವೆಯೇ ಕಂಡದ್ದು. ಧಾರವಾಡ ಮುಟ್ಟಿದಾಗ ಸಂಜೆ. ನೇರವಾಗಿ ಲೈನ್ ಬಜಾರಿನ ಠಾಕೂರ್ ಪೇಢೆ ಅಂಗಡಿಗೆ ಹೋದರೆ ಅಂದಿನ ಪೇಢೆ ಖಾಲಿ. ಬಾಗಿಲ ಮುಂದೆ ನಮ್ಮಂತೆಯೇ ಸಪ್ಪೆ ಮುಖ ಹೊತ್ತ ಇನ್ನೂ ಆರೇಳು ಜನ. ಕೊಡೆ ಹಿಡಿದಿದ್ದ ಹಿರಿಯರೊಬ್ಬರು ನಮ್ಮ ಬೆಂಗಳೂರು ಗಾಡಿ ನಂಬರು ನೋಡಿ ಸಮಾಧಾನ ಹೇಳಿದರು. "ನಾಳೆ ಮುಂಜಾನೆ ಬರ್ರಿ. ಇವತ್ತು ಗಿರಮಿಟ್ಟು, ಮಿರ್ಚಿ ತಿಂದು ಮಲ್ಕೋರಿ." ಹಾಗೇ ಮಾಡಿದೆವು. ಮಳೆಗೆ ಬಿಸಿ ಮಿರ್ಚಿ ಭಜಿ, ಮಂಡಕ್ಕಿ ಗಿರಮಿಟ್ಟು, ಮೇಲೆ ಕಟ್ ಚಹಾ. ದೂರುವಂಥದ್ದೇನೂ ಇರಲಿಲ್ಲ.

ಎರಡನೇ ದಿನ: ಪೇಢೆ, ಕುಂದಾ, ಕಾಕೂ

ಮುಂಜಾನೆ ಸಾಲಿನಲ್ಲಿ ನಿಂತು ಒಂದು ಕಿಲೋ ಪೇಢೆ ಗಿಟ್ಟಿಸಿದೆವು. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿಗೆ ಹೆದರಿ ಬಂದ ಠಾಕೂರ್ ಮನೆತನ 19ನೇ ಶತಮಾನದಲ್ಲಿ ಇಲ್ಲಿ ಊರಿದ ತಿನಿಸು ಇದು. ಎಮ್ಮೆ ಹಾಲಿನ ಖೋವಾವನ್ನು ಕಂದುಬಣ್ಣ ಬರುವವರೆಗೆ ಹುರಿದು ಹುರಿದು, ಉಂಡೆ ಕಟ್ಟಿ, ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಬಾಯಲ್ಲಿಟ್ಟರೆ ಮೊದಲು ಸಕ್ಕರೆ ಕರಕರ, ಆಮೇಲೆ ತಳ ಹಿಡಿಯುವುದಕ್ಕೆ ಒಂದು ಕ್ಷಣ ಮುಂಚಿನ ಹಾಲಿನ ಘಮ. ಆ ಒಂದು ಕ್ಷಣವನ್ನು ಹಿಡಿಯುವುದೇ ಕಸುಬು.

ಕಿತ್ತೂರಿನಲ್ಲಿ ಕೋಟೆಯ ಹಾಳುಗೋಡೆಗಳ ನಡುವೆ ಅರ್ಧ ಗಂಟೆ ನಡೆದೆವು. 1824ರಲ್ಲಿ ಚೆನ್ನಮ್ಮ ಕಂಪನಿ ಸೈನ್ಯವನ್ನು ಎದುರಿಸಿದ ನೆಲ, ಈಗ ಮಳೆಹುಲ್ಲು ಮೊಣಕಾಲೆತ್ತರ. ಮಧ್ಯಾಹ್ನದೊಳಗೆ ಬೆಳಗಾವಿ ಸೇರಿದೆವು.

ಬೆಳಗಾವಿಯಲ್ಲಿ ಯಾವ ಗಲ್ಲಿಗೆ ಹೋದರೂ ಕುಂದಾ ಸಿಗುತ್ತದೆ. ಒಬ್ಬ ಮಿಠಾಯಿಯವ ಹಾಲನ್ನು ಒಲೆ ಮೇಲೆ ಮರೆತದ್ದರಿಂದ ಹುಟ್ಟಿದ್ದು ಅನ್ನುವ ಕತೆಯನ್ನು ನಾವು ಹೋದ ಎರಡು ಅಂಗಡಿಯಲ್ಲೂ ಹೇಳಿದರು. ಎರಡು ಕಡೆಯೂ ಮರೆತವನು ತಮ್ಮ ಕಡೆಯವನೇ! ಕತೆ ಹೇಗಿದ್ದರೂ ಬಿಸಿ ಇರುವಾಗಲೇ ತಿನ್ನಿ. ಹರಳು ಹರಳಾಗಿ, ತೇವವಾಗಿ, ಚಮಚಕ್ಕೆ ಅಂಟುತ್ತಿರುತ್ತದೆ. ಡಬ್ಬಿಯಲ್ಲಿ ಊರಿಗೆ ತಂದದ್ದು ಅದರ ತಮ್ಮ ಅಷ್ಟೆ.

ನಾನು ಕಾದಿದ್ದು ಸಂಜೆಗೆ. ಸಹೋದ್ಯೋಗಿಯೊಬ್ಬರ ಬಂಧುಗಳ ಮೂಲಕ ಶಹಾಪುರದಲ್ಲಿ ಮದುವೆಮನೆಗಳಿಗೆ ಮಂಡಿಗೆ ಮಾಡಿಕೊಡುವ ಒಬ್ಬ ಕಾಕೂ (ಮರಾಠಿಯಲ್ಲಿ ಚಿಕ್ಕಮ್ಮ) ಗೊತ್ತಾಗಿದ್ದರು. ಇಂಥವರಿಗೆ ಹಿಂದಿನ ದಿನವೇ ಹೇಳಿರಬೇಕು, ಹಿಟ್ಟು ತಾಸುಗಟ್ಟಲೆ ನೆನೆಯಬೇಕಾಗುತ್ತದೆ. ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಕಾರನ್ನು ಗುಡಿಯ ಹತ್ತಿರ ಬಿಟ್ಟು ನಡೆದೆವು. ಅಂಗಳದ ಮೂಲೆಯಲ್ಲಿ ಒಲೆ, ಅದರ ಮೇಲೆ ಬೋರಲು ಹಾಕಿದ ದೊಡ್ಡ ಕಬ್ಬಿಣದ ಕಡಾಯಿ, ಬೆನ್ನು ಕಾದು ನೀಲಿಗಟ್ಟಿತ್ತು.

"ಬರ್ರಿ, ಕೂಡ್ರಿ. ಬೆಂಗಳೂರಿನ್ಯಾಗ ಮಾಂಡೆ ಯಾರು ತಿಂತಾರವ್ವಾ?" ಅಂತ ನಗುತ್ತಲೇ ಕಾಕೂ ತೋಳು ಮೇಲೆ ಮಾಡಿದರು.

ಮೈದಾ, ಚಿರೋಟಿ ರವೆ ಕಲಸಿದ ಹಿಟ್ಟು ಒದ್ದೆ ಬಟ್ಟೆಯಡಿ ಮಲಗಿತ್ತು. ಅದನ್ನು ಒತ್ತಿ ನೋಡಿದರು, ಆಮೇಲೆ ತಮ್ಮ ಕಿವಿಯ ಹಾಲೆ ಮುಟ್ಟಿಕೊಂಡರು. ಅದೇ ಅವರ ಅಳತೆ. ನನ್ನ ಕಿವಿಯನ್ನೂ ಮುಟ್ಟಿಕೊಳ್ಳಲು ಹೇಳಿದರು. ಪುಡಿಸಕ್ಕರೆ, ತುಪ್ಪ, ಸ್ವಲ್ಪ ಖೋವಾ, ಏಲಕ್ಕಿ ಸೇರಿಸಿ ಹೂರಣ ನಾದಿ, ಅದನ್ನೂ ಹಿಟ್ಟನ್ನೂ ಎರಡು ಕೈಯಲ್ಲಿ ಒಟ್ಟಿಗೇ ಅದುಮಿದರು. ಹೂರಣಕ್ಕೆ ಮತ್ತೆ ಒಂದು ಚಮಚ ತುಪ್ಪ. ಮತ್ತೆ ಎರಡನ್ನೂ ಅದುಮಿದರು.

ನಾನು ಬಾಯಿಬಿಟ್ಟೆ. ಥರ್ಮಾಮೀಟರು, ಫ್ರಿಜ್ಜು, 14 ಡಿಗ್ರಿ, ಒಂಬತ್ತು ಸಲ ಸೋರಿದ ಬೆಣ್ಣೆ, ಎಲ್ಲ ಹೇಳಿಕೊಂಡೆ. ಕ್ರೋಸಾಂಟ್ ಅಂದರೇನೆಂದು ಫೋನಿನಲ್ಲಿ ಚಿತ್ರ ತೋರಿಸಿದೆ. ಅವರು ಚಿತ್ರವನ್ನು ದೂರ ಹಿಡಿದು ನೋಡಿದರು.

"ಹಿಟ್ಟಿನೊಳಗ ಬೆಣ್ಣಿ ಹೂರಣ ಅಂದಂಗಾತು. ಹೂರಣ ಬಿರುಸಾದ್ರ ಹಿಟ್ಟು ಹರೀತದ. ಮೆತ್ತಗಾದ್ರ ಸೋರ್ತದ. ನೀ ಬೆಣ್ಣಿ ಒಂದ ನೋಡಿದಿ ಏನು? ಹಿಟ್ಟು ಹೆಂಗಿತ್ತು?"

ಹಿಟ್ಟು ಹೇಗಿತ್ತು? ಫ್ರಿಜ್ಜಿನಿಂದ ತೆಗೆದ ಹಲಗೆಯ ಹಾಗಿತ್ತು. ಒಂಬತ್ತು ಸಲವೂ ನಾನು ಬೆಣ್ಣೆಯ ಜ್ವರ ನೋಡಿದ್ದೇನೆಯೇ ಹೊರತು ಹಿಟ್ಟಿನ ಮೈ ಮುಟ್ಟಿ ನೋಡಿರಲಿಲ್ಲ. ನಮ್ಮವರು ಪಕ್ಕದಲ್ಲಿ ಕೆಮ್ಮಿದರು, ಗೆದ್ದವರ ಕೆಮ್ಮು.

ಆಮೇಲಿನದು ನೋಡುವಂಥದ್ದು. ಹೂರಣ ತುಂಬಿದ ಉಂಡೆಯನ್ನು ಪೂರಿಗಿಂತ ಸ್ವಲ್ಪ ದೊಡ್ಡದಾಗಿ ಲಟ್ಟಿಸಿ, ಕೈಬೆನ್ನಿನ ಮೇಲೆ ಹಾಕಿಕೊಂಡರು. ಒಂದು ಕೈಯಿಂದ ಇನ್ನೊಂದಕ್ಕೆ, ಅಲ್ಲಿಂದ ಮೊಣಕೈಯವರೆಗೆ ಅದನ್ನು ತಿರುಗಿಸುತ್ತ ಹೋದ ಹಾಗೆ ಹಿಟ್ಟು ತಾನಾಗಿ ಜೋತು ಬೀಳುತ್ತ ಅಗಲವಾಯಿತು. ಎಳೆಯಲಿಲ್ಲ, ಅದರ ಭಾರಕ್ಕೆ ಅದೇ ಇಳಿಯಿತು. ಕೊನೆಗೆ ಅದರ ಮೂಲಕ ಒಲೆಯ ಉರಿ ಕೆಂಪಾಗಿ ಕಾಣುತ್ತಿತ್ತು, ಸಕ್ಕರೆಯ ಕಣಗಳು ಒಂದೊಂದಾಗಿ ಎಣಿಸುವಂತೆ. ಒಂದೇ ಏಟಿಗೆ ಕಡಾಯಿಯ ಬೆನ್ನ ಮೇಲೆ ಹೊದಿಸಿದರು. ಅಲ್ಲಲ್ಲಿ ಕಂದು ಚುಕ್ಕೆ ಬರುತ್ತಿದ್ದಂತೆ ಬಿಸಿಯಲ್ಲೇ ಅಂಚು ಮಡಿಸಿ ಪಂಚೆಯಂತೆ ಚೌಕ ಮಾಡಿ ಬುಟ್ಟಿಗಿಟ್ಟರು. ಒಂದು ನಿಮಿಷ ಆಯಿತೋ ಇಲ್ಲವೋ. ಆರಿದಾಗ ಹಪ್ಪಳದಂತೆ ಗರಿಗರಿ.

12ನೇ ಶತಮಾನದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಂಡಕ ಅನ್ನುವ ಭಕ್ಷ್ಯ ಬರುತ್ತದೆ ಅಂತ ನಾನು ಓದಿದ್ದನ್ನು ಹೇಳಿದೆ. ಕಾಕೂಗೆ ರಾಜರ ಕತೆ ರುಚಿಸಲಿಲ್ಲ. ಅವರದು ಬೇರೆ ಕತೆ. ಊರಿನವರು ಒಲೆ, ಮಡಕೆ ಸಿಗದಂತೆ ಮಾಡಿದಾಗ ಮರಾಠಿ ಸಂತ ಜ್ಞಾನೇಶ್ವರರು ಯೋಗಾಗ್ನಿಯಿಂದ ತಮ್ಮ ಬೆನ್ನನ್ನೇ ಕಾಯಿಸಿಕೊಂಡರಂತೆ, ತಂಗಿ ಮುಕ್ತಾಬಾಯಿ ಅದರ ಮೇಲೆ ಮಾಂಡೆ ಬೇಯಿಸಿದಳಂತೆ. ಹೇಳುತ್ತ ಕೈ ಮುಗಿದರು, ಮತ್ತೆ ಅದೇ ಕೈಯಲ್ಲಿ ಮುಂದಿನ ಉಂಡೆ.

ನನಗೂ ಒಂದು ಉಂಡೆ ಕೊಟ್ಟರು. ಅದು ನನ್ನ ಮೊಣಕೈಯಲ್ಲಿ ಹರಿದು ಬಳೆಗೆ ಸುತ್ತಿಕೊಂಡಿತು. ಮಾಡುವುದಿದ್ದರೆ ಬಳೆ, ಉಂಗುರ ತೆಗೆದಿಟ್ಟು ಹೋಗಿ.

ಮೂರನೇ ದಿನ: ಚೋರ್ಲಾ ಘಟ್ಟ

ಎಂಟು ಮಂಡಿಗೆಯನ್ನು ರಟ್ಟಿನ ಡಬ್ಬಿಯಲ್ಲಿಟ್ಟು, "ಮ್ಯಾಲೆ ಏನೂ ಇಡಬ್ಯಾಡ್ರಿ" ಅಂತ ಮೂರು ಸಲ ಹೇಳಿ ಕೊಟ್ಟಿದ್ದರು ಕಾಕೂ. ಮೂರು ಸಲವೂ ನಾನು ಹೂಂ ಅಂದಿದ್ದೆ.

ಜಾಂಬೋಟಿ ದಾಟಿದ ಮೇಲೆ ಕಾಡು ರಸ್ತೆಯ ಮೇಲೆ ಬಾಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಇಳಿದು ಗುಡಿ ನೋಡಿದೆವು. ಸೌದತ್ತಿಯಲ್ಲಿ ಅಣೆಕಟ್ಟು ತುಂಬುವ ಹೊಳೆ ಇಲ್ಲಿ ಮಗುವಿನಂತೆ ಸದ್ದು ಮಾಡುತ್ತಿತ್ತು. ಮುಂದೆ ಮಂಜು. ಎದುರಿನ ಗಾಡಿಯ ದೀಪ ಹತ್ತಡಿಗೆ ಬಂದ ಮೇಲೇ ಕಾಣುವಷ್ಟು. ಮಳೆಗಾಲ ಮುಗಿಯುವ ಹೊತ್ತಿನಲ್ಲಿ ಈ ದಾರಿಯ ಗುಂಡಿಗಳು ಕೆರೆಗಳಾಗಿರುತ್ತವೆ. ಹಗಲು ಹೊತ್ತಿನಲ್ಲೇ ದಾಟಿ, ಬೆಳಗಾವಿಯಲ್ಲೇ ಟ್ಯಾಂಕು ತುಂಬಿಸಿಕೊಳ್ಳಿ, ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ನೋಡಿಕೊಳ್ಳಿ. ಕೊನೆಯದನ್ನು ನಾವು ನೋಡಿಕೊಂಡಿರಲಿಲ್ಲ.

ಚೋರ್ಲಾಕ್ಕೆ ಸ್ವಲ್ಪ ಮೊದಲು ಟೈರು ಉಸ್ಸೆಂದಿತು. ಸ್ಟೆಪ್ನಿ ತೆಗೆಯಲು ಡಿಕ್ಕಿ ಖಾಲಿ ಮಾಡಬೇಕು. ಜಿಟಿಜಿಟಿ ಮಳೆಯಲ್ಲಿ ಸಾಮಾನನ್ನೆಲ್ಲ ಹಿಂದಿನ ಸೀಟಿಗೆ ಎಸೆದೆವು. ಸೂಟ್‌ಕೇಸು ಎಸೆದವರು ಯಾರು ಅನ್ನುವ ಬಗ್ಗೆ ಮನೆಯಲ್ಲಿ ಇಂದಿಗೂ ಎರಡು ಅಭಿಪ್ರಾಯಗಳಿವೆ. ಮಂಡಿಗೆ ಡಬ್ಬಿಯಿಂದ ಬಂದ ಸದ್ದಿನ ಬಗ್ಗೆ ಮಾತ್ರ ಒಂದೇ: ಒಣ ಎಲೆ ತುಳಿದ ಹಾಗೆ.

ಸ್ಟೆಪ್ನಿಯ ಅರೆಗಾಳಿಯಲ್ಲಿ ತೆವಳಿ ಒಂದು ಚಹಾದಂಗಡಿ ಸೇರಿದೆವು. ಅಂಗಡಿಯಾಕೆಗೆ ಕನ್ನಡ, ಮರಾಠಿ, ಕೊಂಕಣಿ ಮೂರೂ ಒಂದೇ ವಾಕ್ಯದಲ್ಲಿ ಬರುತ್ತಿತ್ತು. ಡಬ್ಬಿ ತೆರೆದು ಅಳುಮುಖ ಮಾಡಿದ ನನ್ನನ್ನು ನೋಡಿ, "ಅಳ್ತೀರಿ ಯಾಕ? ಹಾಲಿನ್ಯಾಗ ಮುರಿದ ತಿನ್ನೂದ ಅದು," ಅಂತ ಎರಡು ಬಟ್ಟಲು ಬಿಸಿ ಹಾಲು ತಂದಿಟ್ಟಳು. ಮೇಲೆ ಒಂದೊಂದು ಚಮಚ ತುಪ್ಪ. ಹಾಲಿಗೆ ಬಿದ್ದ ಪುಡಿ ಅರ್ಧ ಗರಿಗರಿ, ಅರ್ಧ ಮೆತ್ತಗೆ. ಹೊರಗೆ ಮಂಜು ಕಾಡಿನಿಂದ ರಸ್ತೆಗೆ ಇಳಿಯುತ್ತಿತ್ತು. ಗಾಳಿ ತುಂಬುವ ಹುಡುಗ ಬರಲು ಒಂದೂವರೆ ಗಂಟೆ ಆಯಿತು. ಅಷ್ಟರಲ್ಲಿ ನಾಲ್ಕು ಮಂಡಿಗೆಯಷ್ಟು ಪುಡಿ ಮುಗಿದಿತ್ತು. ಈ ಐದು ದಿನದಲ್ಲಿ ತಿಂದದ್ದರಲ್ಲೆಲ್ಲ ಇದೇ ಮೇಲು ಅಂತ ನನ್ನ ತೀರ್ಮಾನ.

ಸಾಂಖಳಿ ಮೇಲೆ ಪಣಜಿ ಸೇರಿದ್ದು ದೀಪ ಹಚ್ಚುವ ಹೊತ್ತಿಗೆ.

ನಾಲ್ಕನೇ ದಿನ: ಪೊದೇರ್ ಮತ್ತು ಬೆಬಿಂಕಾ

ಗೋವಾಕ್ಕೆ ಬಂದು ಸಮುದ್ರ ನೋಡದವರು ನಾವೇ ಇರಬೇಕು. ಬೆಳಗಿನ ನಾಲ್ಕಕ್ಕೆ ಎದ್ದು, ಹಿಂದಿನ ರಾತ್ರಿಯೇ ಮಾತಾಡಿಕೊಂಡಿದ್ದ ಒಂದು ಹಳ್ಳಿ ಬೇಕರಿಗೆ ಹೋದೆವು. ಬ್ರೆಡ್ಡು ಸುಡುವವರಿಗೆ ಇಲ್ಲಿ ಪೊದೇರ್ ಅನ್ನುತ್ತಾರೆ. ಕೆಮ್ಮಣ್ಣು ಗೋಡೆ, ಗುಮ್ಮಟದಂಥ ಸೌದೆ ಓವನ್ನು, ಉದ್ದ ಹಿಡಿಯ ಮರದ ಹುಟ್ಟಿನಿಂದ ಹಿಟ್ಟನ್ನು ಒಳಗೆ ಸರಿಸುತ್ತಿದ್ದ ಹುಡುಗ. ಪಾವ್, ಉಂಡೋ, ಬಳೆಯಂಥ ಕಾಂಕೊಣ್, ತೌಡು ಮೆತ್ತಿದ ಪೊಯಿ. ಪೊಯಿ ಓವನ್ನಿನೊಳಗೆ ಚೆಂಡಿನಂತೆ ಉಬ್ಬಿ, ಹೊರಗೆ ಬಂದು ನಿಟ್ಟುಸಿರು ಬಿಟ್ಟ ಹಾಗೆ ಕುಗ್ಗುತ್ತದೆ. ಹಿಂದೆಲ್ಲ ಹಿಟ್ಟು ಹುಳಿಸಲು ತೆಂಗಿನ ಸೇಂದಿ ಹಾಕುತ್ತಿದ್ದರು, ಈಗ ಬಹುತೇಕ ಕಡೆ ಯೀಸ್ಟು.

ನಾನು ಹಿಂದಿಯಲ್ಲಿ ತಡವರಿಸುತ್ತಿದ್ದೆ. ಹುಟ್ಟು ಹಿಡಿದಿದ್ದವನು ತಿರುಗಿ, "ಕನ್ನಡದಾಗ ಮಾತಾಡ್ರೀ ಅಕ್ಕಾರ," ಅಂದ. ಬಾದಾಮಿ ತಾಲ್ಲೂಕಿನವನಂತೆ. ಬಂದು ಏಳು ವರ್ಷ. ಪೋರ್ಚುಗೀಸರು ಕಲಿಸಿದ ರೊಟ್ಟಿಯನ್ನು ಗೋವಾದವರಿಗೆ ಬೆಳಬೆಳಗ್ಗೆ ಸುಟ್ಟುಕೊಡುವವರಲ್ಲಿ ನಮ್ಮ ಉತ್ತರ ಕರ್ನಾಟಕದ ಹುಡುಗರು ಎಷ್ಟೋ ಜನ ಇದ್ದಾರೆ.

"ಮಳಿಗಾಲದಾಗ ನೀರು ಕಮ್ಮಿ ಹಾಕ್ತೀವ್ರಿ. ಬ್ಯಾಸಗ್ಯಾಗ ಹಿಟ್ಟು ಲಗೂನ ಏಳತದ, ಅದಕ್ಕ ತಡಾ ಮಾಡಿ ನಾದತೀವಿ. ಚೀಟ್ಯಾಗ ಏನೂ ಬರದಿಲ್ಲ."

"ಊರಿಗೆ ಹೋದಾಗ ಪಾವ್ ಮಾಡ್ತೀಯಾ?" ಅಂದೆ.

"ಅವ್ವ ಒಲಿ ಮುಂದ ಬಿಡಬೇಕಲ್ರೀ! ಊರಾಗ ಜ್ವಾಳದ ರೊಟ್ಟೀನ."

ಬೆಳಕು ಹರಿಯುವಾಗ ಸೈಕಲ್ಲುಗಳು ಬುಟ್ಟಿ ಕಟ್ಟಿಕೊಂಡು ಪೊಂ ಪೊಂ ಹಾರನ್ನು ಒತ್ತುತ್ತ ಹೊರಟವು. ಪೊಯಿಯನ್ನು ಅಂದೇ ತಿನ್ನಿ, ಮರುದಿನಕ್ಕೆ ಅದು ತೊಗಲು.

ನಾವಿಳಿದದ್ದು ಪಣಜಿಯ ಹಳೇ ಬಡಾವಣೆ ಫೊಂಟೈನ್ಹಾಸ್‌ನ ಹಳದಿ, ನೀಲಿ ಮನೆಗಳ ನಡುವಿನ ಒಂದು ಹೋಮ್‌ಸ್ಟೇ. ಮನೆಯೊಡತಿ ಆಂಟಿ ಅಂದು ಮಧ್ಯಾಹ್ನ ನನಗಾಗಿಯೇ ಬೆಬಿಂಕಾಕ್ಕೆ ಕೂತರು. ಗಟ್ಟಿ ತೆಂಗಿನಹಾಲು, ಸಕ್ಕರೆ, ಹತ್ತು ಮೊಟ್ಟೆಯ ಹಳದಿ, ಒಂದಿಷ್ಟು ಮೈದಾ, ಜಾಯಿಕಾಯಿ. ಪಾತ್ರೆಗೆ ತುಪ್ಪ ಹಾಕಿ, ಒಂದು ಸೌಟು ಹೊಯ್ದು, ಮೇಲಿನಿಂದ ಮಾತ್ರ ಕಾವು ಕೊಟ್ಟು ಕೆಂಪಗೆ ಮಾಡಬೇಕು. ಅದರ ಮೇಲೆ ಚಮಚ ತುಪ್ಪ, ಮತ್ತೆ ಸೌಟು. ಅವರ ಅಜ್ಜಿಯ ಕಾಲದಲ್ಲಿ ಮುಚ್ಚಳದ ಮೇಲೆ ತೆಂಗಿನ ಸಿಪ್ಪೆಯ ಕೆಂಡ ಹರವುತ್ತಿದ್ದರಂತೆ, ಈಗ ಓವನ್ನಿನ ಮೇಲಿನ ಸಲಾಕೆ. ಸನ್ಯಾಸಿನಿ ಬಿಬಿಯೋನಾ ಮಠದ ಬಟ್ಟೆಗೆ ಗಂಜಿ ಹಾಕಲು ಮೊಟ್ಟೆಯ ಬಿಳಿ ಬಳಸಿ ಉಳಿದ ಹಳದಿಯಲ್ಲಿ ಇದನ್ನು ಮಾಡಿದಳು ಅನ್ನುವ ದಂತಕತೆ ಇದೆ. ಆಂಟಿ ಅದನ್ನು ಹೇಳಿ ತಾವೇ ನಕ್ಕರು.

ಏಳು ಪದರಕ್ಕೆ ಮೂರೂವರೆ ಗಂಟೆ. ನಾಲ್ಕನೆಯದಕ್ಕೆ ನಾನು ಅವಸರ ಮಾಡಿದೆ. ಕೆಂಪಾಗುವ ಮೊದಲೇ ಸೌಟು ಹೊಯ್ದೆ. ಆಂಟಿ ಏನೂ ಅನ್ನಲಿಲ್ಲ. ರಾತ್ರಿ ಆರಿದ ಮೇಲೆ ಕತ್ತರಿಸಿದಾಗ ಆರೇ ಗೆರೆ ಕಂಡವು, ನಾಲ್ಕು ಐದು ಒಂದಕ್ಕೊಂದು ಅಂಟಿಕೊಂಡು ದಪ್ಪ ಹಲ್ಲಿನಂತೆ. ಬಿಸಿಯಲ್ಲಿ ಕತ್ತರಿಸಲೇಬೇಡಿ. ತಣ್ಣಗಾದದ್ದನ್ನು ಸೀಳಿ, ಸ್ವಲ್ಪ ಬೆಚ್ಚಗೆ ಮಾಡಿ ತಿನ್ನಿ.

ಐದನೇ ದಿನ ಮತ್ತು ಆಮೇಲೆ

ವಾಪಸ್ಸು ಫೋಂಡಾ, ಮೊಲೆಮ್, ಅನಮೋಡ ಘಟ್ಟದ ದಾರಿ. ಧಾರವಾಡದಲ್ಲಿ ಊಟ, ಅಲ್ಲಿಂದ ಬೆಂಗಳೂರಿಗೆ ಒಂದೇ ಓಟ, ಬೆನ್ನು ಹಲಗೆ. ಅಷ್ಟೇ.

ಮರುವಾರ ಶನಿವಾರ ಬೆಳಗ್ಗೆ ನಾಲ್ಕಕ್ಕೆ ಎದ್ದೆ. ಅಡುಗೆಮನೆ ತಣ್ಣಗಿತ್ತು. ಥರ್ಮಾಮೀಟರನ್ನು ಡ್ರಾಯರಿನಿಂದ ತೆಗೆಯಲಿಲ್ಲ. ಫ್ರಿಜ್ಜಿನಿಂದ ತೆಗೆದ ಹಿಟ್ಟನ್ನೂ ಬೆಣ್ಣೆಯನ್ನೂ ಪಕ್ಕಪಕ್ಕ ಇಟ್ಟು ಎರಡು ಹೆಬ್ಬೆಟ್ಟಿನಿಂದ ಅದುಮಿದೆ. ಹಿಟ್ಟು ಕಲ್ಲು. ಕಾದೆ. ಮತ್ತೆ ಅದುಮಿದೆ. ಎರಡೂ ಒಂದೇ ರೀತಿ ತಗ್ಗಿದಾಗ ಲಟ್ಟಣಿಗೆ ಹಿಡಿದೆ. ಮೂರು ಮಡಿಕೆ ಮುಗಿಯುವವರೆಗೆ ಬೆಣ್ಣೆ ಎಲ್ಲೂ ಇಣುಕಲಿಲ್ಲ. ಅಮ್ಮ ಮೊಟ್ಟೆ ಮುಟ್ಟುವುದಿಲ್ಲವಾದ್ದರಿಂದ ಮೇಲಕ್ಕೆ ಬರೀ ಹಾಲು ಸವರಿದೆ.

ಹನ್ನೆರಡರಲ್ಲಿ ಏಳು ಎದ್ದವು. ಕತ್ತರಿಸಿದರೆ ಒಳಗೆ ದಾವಣಗೆರೆ ದೋಸೆಯ ತೂತುಗಳು. ಉಳಿದ ಐದು ಓವನ್ನಿನ ಹಿಂಭಾಗದಲ್ಲಿದ್ದವು. ಮೇಲೆ ಸೀದು, ಒಳಗೆ ಹಸಿ ಹಸಿ, ತಳದಲ್ಲಿ ಬೆಣ್ಣೆಯ ಮಡು.

ಚೆನ್ನಾಗಿದ್ದದ್ದನ್ನೇ ಆರಿಸಿ ಅಮ್ಮನ ತಟ್ಟೆಗೆ ಹಾಕಿದೆ. ಅವಳು ಅದನ್ನು ತಿರುಗಿಸಿ ನೋಡಿದಳು, ಒಳಗೆ ಹೋಗಿ ಒಂದು ಬಟ್ಟಲು ಬಿಸಿ ಹಾಲು ತಂದಳು, ನನ್ನ ಕಣ್ಣೆದುರೇ ಕ್ರೋಸಾಂಟನ್ನು ಎರಡು ಕೈಯಲ್ಲಿ ಮುರಿದು ಪುಡಿ ಮಾಡಿ ಹಾಲಿಗೆ ಸುರಿದಳು. ಮೇಲೆ ಒಂದು ಚಮಚ ತುಪ್ಪ.

"ಅಮ್ಮಾ, 27 ಪದರ!" ಅಂದೆ.

"ಇರಲಿ ಬಿಡೇ," ಅಂದಳು, ಚಮಚ ನೆಕ್ಕುತ್ತ. "ನೀವು ತಂದ ಆ ಪುಡಿ ಮಂಡಿಗೆ ಇದಕ್ಕಿಂತ ಚೆನ್ನಾಗಿತ್ತು. ಆ ಸೀದದ್ದನ್ನೂ ಒಂದು ಕೊಡು."